ದೊರೆಯ ಕುತ್ತಿಗೆ, ಕೆಂಪಿಯ ಮೈ

ಮಾರ್ಚ್ 3, ಸೋಮವಾರ

ಓವನ್ ಸತ್ತಿತು.

ಬೆಳಗ್ಗೆ ಎರಡನೇ ಸರದಿಯ ಬ್ರೆಡ್ಡು ಒಳಗಿರುವಾಗಲೇ ಟಪ್ ಎಂದಿತು, ಹಿಂದಿನಿಂದ ಹೊಗೆ ಬಂತು. ಅದೇ ಹೊಡೆತಕ್ಕೆ ಪಕ್ಕದಲ್ಲಿದ್ದ ಹಿಟ್ಟು ಕಲಸುವ ಯಂತ್ರವೂ ಸುಟ್ಟಿತು. ಮನೆಯವಳು ಸ್ವಿಚ್ಚು ಆರಿಸಿ, ಅರ್ಧ ಬೆಂದ ಬ್ರೆಡ್ಡನ್ನೆಲ್ಲ ಹೊರಗೆಳೆದು ಮೇಜಿನ ಮೇಲಿಟ್ಟಳು. ಅಳಲಿಲ್ಲ, ಕೂಗಲಿಲ್ಲ. ಕೂಗಿದವನು ನಾನು. ಓವನ್ನಿಗೆ ಬೈದೆ, ಅದನ್ನು ಮಾಡಿದವನಿಗೆ ಬೈದೆ, ವಿದ್ಯುತ್ತಿನವರಿಗೆ ಬೈದೆ, ಬಾಗಿಲಲ್ಲಿ ಇಣುಕಿದ ನಾಯಿಗೂ ಬೈದೆ. ಮಗಳು ನಗರದ ಬಸ್ಸು ಓಡಿಸುತ್ತಾಳೆ. ಕೆಲಸಕ್ಕೆ ಹೊರಟವಳು ಹೊಸ್ತಿಲಲ್ಲೇ ತಿರುಗಿ, ಚೀಲದಿಂದ ಈ ಪುಸ್ತಕ ತೆಗೆದು ನನ್ನ ಕೈಗೆ ತುರುಕಿದಳು. ಡಾಕ್ಟರು ರಕ್ತದೊತ್ತಡದ ಬಗ್ಗೆ ಹೇಳಿದ್ದನ್ನು ನೆನಪಿಟ್ಟುಕೋ, ಬೈಯಬೇಕು ಅನಿಸಿದ್ದನ್ನೆಲ್ಲ ಇದರಲ್ಲಿ ಬರೆ, ಪಾಪ ಇದಕ್ಕೆ ಕಿವಿ ಇಲ್ಲ, ಎಂದಳು.

ಸರಿ, ಬರೆಯುತ್ತೇನೆ. ಐದನೇ ತರಗತಿಗೆ ಶಾಲೆ ಬಿಟ್ಟವನ ಅಕ್ಷರ ಹೀಗೇ ಇರುವುದು. ಯಾರೂ ಓದಬೇಕಾಗಿಲ್ಲ.

ರಿಪೇರಿಯವನು ಮಧ್ಯಾಹ್ನ ಬಂದ. ಹಿಂಬದಿ ಬಿಚ್ಚಿ ಟಾರ್ಚು ಬಿಟ್ಟು ನೋಡಿ, ಇದರಲ್ಲಿ ರಿಪೇರಿ ಮಾಡಲು ಏನೂ ಉಳಿದಿಲ್ಲ ಎಂದ. ಹಾಗೆ ಹೇಳಿದ್ದಕ್ಕೆ ದುಡ್ಡು ಕೇಳಿದ. ನಾನು ಕೊಟ್ಟ ಉತ್ತರ ಇಲ್ಲಿಯೂ ಬರೆಯುವಂಥದ್ದಲ್ಲ.

ಮನೆಯವಳ ಓವನ್ನಿನಿಂದಲೇ ಈಗ ಮನೆ ನಡೆಯುವುದು. ನನ್ನ ಗಿಟಾರಿನಿಂದ ನಡೆಯುತ್ತಿದ್ದ ಕಾಲವೊಂದಿತ್ತು. ಹೋಟೆಲಿನವರು ಶನಿವಾರದ ಬ್ಯಾಂಡು ನಿಲ್ಲಿಸಿದ ಮೇಲೆ ಅದು ಮುಗಿಯಿತು. ಮುಂದಿನ ಕೋಣೆಯಲ್ಲಿ ಅವಳು ಬ್ರೆಡ್ಡು, ಬನ್ನು ಮಾಡುತ್ತಾಳೆ. ಮುಕ್ಕಾಲು ಪಾಲು ಹೋಗುವುದು ಹೆಣ್ಣುಮಕ್ಕಳ ಒಂದು ಹಾಸ್ಟೆಲ್ಲಿಗೆ. ಅಲ್ಲಿನ ಮೇಲ್ವಿಚಾರಕಿ ಸಂಜೆ ಫೋನು ಮಾಡಿ, ತಿಂಗಳ ಕೊನೆಯೊಳಗೆ ನಿಮ್ಮದೇ ಓವನ್ ಉರಿಯದಿದ್ದರೆ ಬೇರೆಯವರನ್ನು ಗೊತ್ತುಮಾಡಿಕೊಳ್ಳಬೇಕಾಗುತ್ತದೆ ಎಂದಳಂತೆ. ಮೆತ್ತಗೆ ಹೇಳಿದಳಂತೆ. ಮೆತ್ತಗೆ ಹೇಳಿದರೆ ಕೇಡು ಕಡಿಮೆಯಾಗುತ್ತದೆಯೇ?

ಊಟದ ಹೊತ್ತಿಗೆ ಗಿಟಾರು ಒಂದು ಮಾರುತ್ತೇನೆ ಎಂದೆ. ಮನೆಯವಳು ಬೇಡ ಎನ್ನುತ್ತಾಳೆ ಅಂದುಕೊಂಡಿದ್ದೆ.

"ನಿಮ್ಮ ಗಿಟಾರು. ಯಾವುದು ಅಂತ ನೀವೇ ನೋಡಿ," ಎಂದಳು.

ಬೇಡ ಅನ್ನಲಿಲ್ಲ ಎಂಬ ಸಿಟ್ಟು ಇನ್ನೂ ಇಳಿದಿಲ್ಲ.

ಮಾರ್ಚ್ 4, ಮಂಗಳವಾರ

ಇರುವುದು ಮೂರು. ಮೂರನ್ನೂ ಮಂಚದ ಮೇಲೆ ಮಲಗಿಸಿ ನೋಡಿದೆ.

ಮೊದಲನೆಯದು ದೊರೆ. ಹೊರದೇಶದ ದೊಡ್ಡ ಕಂಪನಿಯ ಮಾಲು, ಕೆನೆ ಬಣ್ಣ. ಹಡಗಿನಲ್ಲಿ ನುಡಿಸುತ್ತಿದ್ದ ಒಬ್ಬ ಮುದುಕನ ಕೈಯಿಂದ ಕೊಂಡದ್ದು. ಕೊಂಡಾಗ ಈ ಊರಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಜನ ಹಾಡು ಕೇಳಲು ಬರುತ್ತಿರಲಿಲ್ಲ, ಅದನ್ನು ನೋಡಲು ಬರುತ್ತಿದ್ದರು.

ಎರಡನೆಯದು ಕರಿಯ. ಅಗ್ಗದ್ದು, ಭಾರ, ಅಡುಗೆಮನೆಯ ಮಣೆಗೆ ತಂತಿ ಕಟ್ಟಿದ ಹಾಗೆ. ಮಾರಿದರೆ ಓವನ್ನಿನ ಬಾಗಿಲೂ ಬರುವುದಿಲ್ಲ.

ಮೂರನೆಯವಳು ಕೆಂಪಿ. ಇದೇ ಊರಿನ ಒಬ್ಬ ಬಡಗಿ ಕಡೆದ ಮೈ. ಕಂಪನಿ ಇಲ್ಲ, ಹೆಸರಿಲ್ಲ. ನಾನು ಹೋಟೆಲಿನಲ್ಲಿ ಅಷ್ಟು ವರ್ಷ ನುಡಿಸಿದ್ದು ಇವಳನ್ನೇ. ಇವಳನ್ನು ಮಾರುವ ಮಾತೇ ಇಲ್ಲ, ಅದಕ್ಕೇ ಇನ್ನು ಬರೆಯುವುದಿಲ್ಲ.

ಅಂದರೆ ದೊರೆ. ಆದರೆ ಒಂದು ವಿಷಯ ಇದೆ. ದೊರೆಯ ಮೇಲೆ ಈಗ ಇರುವ ಕುತ್ತಿಗೆ ಅವನದಲ್ಲ. ಅಂಗಡಿಯವರು ನೆಕ್ ಎನ್ನುತ್ತಾರೆ, ನನಗೆ ಅದು ಕುತ್ತಿಗೆಯೇ. ಒಂದು ಮಳೆಗಾಲ ಕೆಂಪಿಯ ಕುತ್ತಿಗೆ ಬಾಗಿತು. ಮೇಲಿಂದ ಮೇಲೆ ಕಾರ್ಯಕ್ರಮ, ಕಾಯಲು ಪುರುಸೊತ್ತಿಲ್ಲ. ದೊರೆಯದ್ದನ್ನು ಬಿಚ್ಚಿ ಕೆಂಪಿಗೆ ಕೂರಿಸಿದೆ. ಕೆಂಪಿಯದ್ದನ್ನು ಬಿಸಿ ಮಾಡಿ ನೆಟ್ಟಗೆ ಮಾಡಿ ದೊರೆಗೆ ಹಾಕಿದೆ. ಅದಾದ ಮೇಲೆ ತಂತಿಯ ಕೆಳಗೆ ಕೂತು ಸದ್ದು ಹಿಡಿಯುವ ಪಿಕಪ್ಪುಗಳೂ ಹಾಗೇ ಅದಲುಬದಲಾದವು. ತಂತಿ ಬಿಗಿಸಲು ಕಿವಿ ತಿರುಚುವ ಕೀಲಿಗಳು ಕರಿಯನಿಂದ ಕೆಂಪಿಗೆ ಬಂದವು. ಯಾವುದು ಎಲ್ಲಿ ಚೆನ್ನಾಗಿ ದುಡಿಯುತ್ತದೋ ಅಲ್ಲಿರಬೇಕು. ಬ್ಯಾಂಡಿನವರು ಎಲ್ಲರೂ ಹೀಗೇ ಮಾಡುತ್ತಿದ್ದರು. ಗಿಟಾರು ದುಡಿಯುವ ಸಾಮಾನು, ಗಾಜಿನ ಕಪಾಟಿನ ಗೊಂಬೆಯಲ್ಲ.

ಮಾರ್ಚ್ 6, ಗುರುವಾರ

ದೊರೆಯನ್ನು ಹೊತ್ತು ಹಳೆ ವಾದ್ಯದ ಅಂಗಡಿಗೆ ಹೋದೆ. ಅಂಗಡಿಯವನು ಎರಡು ಕನ್ನಡಕ ಇಟ್ಟುಕೊಂಡಿದ್ದಾನೆ, ಒಂದು ಗಿರಾಕಿಯನ್ನು ನೋಡಲು, ಒಂದು ಮಾಲನ್ನು ನೋಡಲು. ನನ್ನನ್ನು ನೋಡಿದ್ದು ಸ್ವಲ್ಪ ಹೊತ್ತು. ದೊರೆಯನ್ನು ನೋಡಿದ್ದು ಬಹಳ ಹೊತ್ತು.

ಬೆನ್ನ ಹಿಂದಿನ ತಗಡಿನ ಮೇಲೆ ನಂಬರು ಓದಿದ. ಮುಖ ಅರಳಿತು. ಆಮೇಲೆ ಕುತ್ತಿಗೆ ನೋಡಿದ. ಮುಖ ಬಾಡಿತು. ತಿರುಪು ಬಿಚ್ಚಿ ಒಳಗೆ ನೋಡಿದ. ಯಾರೋ ತೀರಿಕೊಂಡ ಸುದ್ದಿ ಬಂದವನ ಹಾಗೆ ಕುರ್ಚಿಗೆ ಒರಗಿದ.

"ಯಜಮಾನ್ರೇ, ಇದಕ್ಕೆ ಯಾರು ಹೀಗೆ ಮಾಡಿದ್ದು?"

"ನಾನೇ."

ಅವನಿಗೆ ನನ್ನ ಧೈರ್ಯ ಅರ್ಥವಾಗಲಿಲ್ಲ. ಕಳ್ಳ ಮಾಡಿದ್ದು ಅಂತಲೋ, ಅಜ್ಞಾನಿ ರಿಪೇರಿಯವನು ಮಾಡಿದ್ದು ಅಂತಲೋ ಹೇಳುತ್ತೇನೆ ಎಂದು ಕಾದಿದ್ದ. ಆಮೇಲೆ ವಿವರಿಸಿದ. ಇಂಥ ಗಿಟಾರುಗಳನ್ನು ಈಗ ನುಡಿಸುವವರು ಕೊಳ್ಳುವುದಿಲ್ಲವಂತೆ, ಕೂಡಿಡುವವರು ಕೊಳ್ಳುತ್ತಾರಂತೆ. ಅವರಿಗೆ ಹುಟ್ಟಿದಾಗ ಹೇಗಿತ್ತೋ ಹಾಗೇ ಬೇಕಂತೆ, ಒಂದು ತಿರುಪು ಬದಲಾಗಿದ್ದರೂ ಮೂಗು ಮುರಿಯುತ್ತಾರಂತೆ. ಹೀಗೇ ಕೊಟ್ಟರೆ ಸಿಗುವುದು ಕಟ್ಟಿಗೆಯ ಬೆಲೆ. ಎಲ್ಲ ಭಾಗ ಮತ್ತೆ ಕೂಡಿಸಿ ತಂದರೆ ಓವನ್ನೂ ಬಂದೀತು, ಹಿಟ್ಟಿನ ಯಂತ್ರವೂ ಬಂದೀತು, ಅಷ್ಟು ಕೊಡುತ್ತೇನೆ ಎಂದ.

ಭಾಗಗಳೆಲ್ಲ ಮನೆಯಲ್ಲೇ ಇವೆ ಎಂದೆ. ಅವನು ಎದ್ದು ನಿಂತು ಕೈ ಕುಲುಕಿದ.

ಬರುವ ದಾರಿಯುದ್ದಕ್ಕೂ ಲೆಕ್ಕ ಒಂದೇ. ದೊರೆಯನ್ನು ದೊರೆ ಮಾಡಬೇಕಾದರೆ ಕೆಂಪಿಯ ಕರುಳು ತೆಗೆಯಬೇಕು.

ಮಾರ್ಚ್ 7, ಶುಕ್ರವಾರ

ಹಿಂದಿನ ಬೀದಿಯ ಬಿಸ್ಕತ್ತಿನವರು ತಮ್ಮ ಓವನ್ನನ್ನು ಬೆಳಗಿನ ಹೊತ್ತು ತಿಂಗಳ ಕೊನೆಯವರೆಗೆ ಬಿಟ್ಟುಕೊಡುತ್ತಾರೆ. ಮನೆಯವಳು ಹೋಗಿ ಕೇಳಿ ಗೊತ್ತುಮಾಡಿಕೊಂಡು ಬಂದಿದ್ದಾಳೆ. ಆದರೆ ಹಿಟ್ಟು ಕೈಯಲ್ಲೇ ನಾದಬೇಕು, ಅವಳ ಮಣಿಕಟ್ಟು ಊದಿ ಬನ್ನಿನ ಹಾಗಾಗಿದೆ. ಮಗಳು ಹೊರಡುವ ಮುಂಚೆ ನನ್ನ ಕಡೆ ನೋಡಿದಳು. ಅವಳ ಅಮ್ಮನೂ ನೋಡಿದಳು.

ಹಿಟ್ಟು ನಾದುವ ಮುಂದಿನ ಕೋಣೆಗೆ ನಾನು ಹೋಗುವವನಲ್ಲ. ಹಿಟ್ಟಿನ ಧೂಳು ತಂತಿಗೆ ಆಗುವುದಿಲ್ಲ. ಹೋದೆ.

ಹಿಟ್ಟು ಕೈಗೆ ಅಂಟಿತು, ಮೊಣಕೈಗೆ ಅಂಟಿತು, ಹುಬ್ಬಿಗೂ ಅಂಟಿತು. ನೀರು ಹಾಕಿದರೆ ಜಾರುತ್ತದೆ, ಹಿಟ್ಟು ಹಾಕಿದರೆ ಬಿಗಿಯುತ್ತದೆ. ಸಿಟ್ಟು ಬಂದು ಎತ್ತಿ ಮೇಜಿಗೆ ಬಡಿದೆ. ಬೈಯುತ್ತಾಳೆ ಅಂದುಕೊಂಡೆ.

"ಹಾಂ, ಹಾಗೇ ಬಡೀರಿ. ಅದಕ್ಕೆ ಅದೇ ಬೇಕಾಗಿರೋದು."

ರಿಪೇರಿಯವನನ್ನು ನೆನೆದು ಇನ್ನೊಂದು ಸಲ ಬಡಿದೆ. ಹೋಟೆಲಿನ ಮ್ಯಾನೇಜರನ್ನು ನೆನೆದು ಬಹಳ ಸಲ. ಮನೆಯವಳು ಒಂದು ಚೂರು ಕಿತ್ತು ಬೆಳಕಿಗೆ ಹಿಡಿದು ಎಳೆದಳು. ಹರಿಯದೆ ಪೊರೆಯಂತೆ ತೆಳ್ಳಗಾಯಿತು. ಯಂತ್ರಕ್ಕಿಂತ ಚೆನ್ನಾಗಿ ಬಂದಿದೆ ಎಂದಳು. ಬರದೆ ಏನು, ಇಷ್ಟು ವರ್ಷ ತಂತಿ ಒತ್ತಿದ ಬೆರಳು.

ಈ ಕೆಲಸ ಒಂದು ವಾರದ ಮಟ್ಟಿಗೆ. ಅಷ್ಟೇ.

ಮಾರ್ಚ್ 9, ಭಾನುವಾರ

ಊಟದ ಮೇಜಿನ ಮೇಲೆ ಹಳೆ ಚಾದರ ಹಾಸಿ ಮೂರನ್ನೂ ಬಿಚ್ಚಿದೆ. ಕೆಂಪಿಯ ಕುತ್ತಿಗೆಯನ್ನು ಎಲ್ಲಕ್ಕಿಂತ ಕೊನೆಗೆ ಕಳಚಿದೆ.

ಮಧ್ಯದಲ್ಲಿ ಗಡ್ಡ ಬಂದ. ನಮ್ಮ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದವನು. ಗಡ್ಡ ಬೋಳಿಸಿ ಯಾವ ಕಾಲವಾಯಿತೋ, ಹೆಸರು ಮಾತ್ರ ಉಳಿದಿದೆ. ಮೇಜಿನ ಮೇಲೆ ಹರಡಿದ್ದನ್ನು ನೋಡಿ, ಏನೋ ಇದು ಆಸ್ಪತ್ರೆಯೋ ಕಸಾಯಿಖಾನೆಯೋ ಎಂದ. ಮನೆಯವಳು ಕೊಟ್ಟ ಬನ್ನು ತಿಂದ. ಇವತ್ತಿನ ಬನ್ನು ಬಹಳ ಮೆತ್ತಗಿದೆ ಅತ್ತಿಗೆ ಎಂದು ಅವಳಿಗೆ ಹೇಳಿದ. ನಾದಿದ್ದು ನಾನು ಎಂದು ನಾನು ಹೇಳಿದೆ. ಅವನು ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

"ನೀನಾ? ಒಂದು ಲೋಟ ತೊಳೆದವನಲ್ಲ ನೀನು."

"ಲೋಟ ಬೇರೆ, ಇದು ಬೇರೆ ಕಣೋ. ಇದಕ್ಕೆ ತಾಳ ಬೇಕು."

ಅವನು ನಕ್ಕ ನಗೆಗೆ ಕೆಮ್ಮು ಹತ್ತಿಕೊಂಡಿತು. ಹತ್ತಲಿ.

ಆಮೇಲೆ ಗಂಭೀರನಾದ. ಕೆಂಪಿಯನ್ನು ಹಾಳುಮಾಡಬೇಡ ಎಂದ. ದೊರೆ ಯಾರದೋ ಕಾರ್ಖಾನೆಯದು, ಕೆಂಪಿ ನಮ್ಮ ಬ್ಯಾಂಡಿನ ದನಿ ಎಂದ. ನನ್ನ ಹತ್ತಿರ ಇಷ್ಟಿದೆ ತಗೋ ಎಂದು ಜೇಬಿಗೆ ಕೈ ಹಾಕಿದ. ಅವನ ಮನೆಯ ಸೂರು ಸೋರುವುದು ನನಗೆ ಗೊತ್ತು. ಇನ್ನೊಂದು ಬನ್ನು ಕೊಟ್ಟು ಓಡಿಸಿದೆ.

ಸಂಜೆಗೆ ದೊರೆ ಸಿದ್ಧನಾದ. ಅವನದೇ ಕುತ್ತಿಗೆ, ಅವನದೇ ಪಿಕಪ್ಪು. ಆಂಪ್ಲಿಫಯರಿಗೆ ಸಿಕ್ಕಿಸಿ ನುಡಿಸಿದೆ. ಚೆನ್ನಾಗಿತ್ತು. ಎಲ್ಲ ಸ್ವರವೂ ಇದ್ದ ಜಾಗದಲ್ಲೇ ಇತ್ತು. ಹೊಸ ಬಟ್ಟೆ ಹಾಕಿಕೊಂಡು ನೆಂಟರ ಮನೆಯಲ್ಲಿ ಕೂತ ಹಾಗಿತ್ತು.

ಕೆಂಪಿಯ ಬರಿ ಮೈಯನ್ನು ಚಾದರದಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಚಳಿ, ಹಿಟ್ಟು ಉಬ್ಬಲಿಲ್ಲ. ಪಾತ್ರೆಗೆ ಕಂಬಳಿ ಹೊದಿಸಿ ಕಾಯುತ್ತಾ ಕೂತೆವು. ಹಾಸ್ಟೆಲ್ಲಿಗೆ ತಡವಾಯಿತು. ಹಿಟ್ಟಿಗೆ ಬೈದೆ. ಹಿಟ್ಟಿಗೆ ಅವಸರ ಮಾಡಿದರೆ ಅದೂ ನಿಮ್ಮ ಹಾಗೇ ಆಡುತ್ತದೆ ಎಂದಳು ಮನೆಯವಳು.

ಬ್ರೆಡ್ಡು ಮಾತ್ರ ಚೆನ್ನಾಗಿ ಬಂತು.

ಮಾರ್ಚ್ 13, ಗುರುವಾರ

ಮತ್ತೆ ಅಂಗಡಿಗೆ.

ಕನ್ನಡಕದವನು ಪೆಟ್ಟಿಗೆ ತೆರೆದು, ಮಾಲು ನೋಡುವ ಕನ್ನಡಕ ಏರಿಸಿ, ದೊರೆಯ ತಲೆ ನೋಡಿದ. ಕುತ್ತಿಗೆಯ ತುದಿಯಲ್ಲಿ ಕೀಲಿಗಳಿರುವ ಜಾಗಕ್ಕೆ ತಲೆ ಎನ್ನುತ್ತೇವೆ. ಕಂಪನಿಯ ಹೆಸರು ಬಂಗಾರದ ಅಕ್ಷರದಲ್ಲಿ ಇರಬೇಕಾದದ್ದು ಅಲ್ಲಿ.

ಅಕ್ಷರ ಎಲ್ಲಿ ಎಂದ.

ಕೆರೆದೆ ಎಂದೆ. ಕೆಂಪಿಗೆ ಆ ಕುತ್ತಿಗೆ ಕೂರಿಸಿದ ದಿನವೇ ಕೆರೆದು ತೆಗೆದಿದ್ದೆ. ನಮ್ಮ ಊರಿನ ಬಡಗಿ ಕಡೆದ ಮೈ, ನಾನು ಜೋಡಿಸಿದ ಸಾಮಾನು, ತಲೆಯ ಮೇಲೆ ಯಾವನದೋ ಹೆಸರೇಕೆ? ಹೆಸರು ಕೆರೆದವನು ಕುತ್ತಿಗೆಯ ಬೆನ್ನನ್ನೂ ಬಿಟ್ಟಿರಲಿಲ್ಲ. ನನ್ನ ಬೆರಳು ಗಿಡ್ಡ. ಕಂಪನಿಯವರು ಕುತ್ತಿಗೆ ಮಾಡಿದ್ದು ಉದ್ದ ಬೆರಳಿನವರಿಗೆ. ಗಾಜಿನ ಚೂರು ಹಿಡಿದು, ದಿನಕ್ಕಿಷ್ಟು ಕೆರೆದು, ನುಡಿಸಿ ನೋಡಿ, ಮತ್ತೆ ಕೆರೆದು, ಕೈಗೆ ಹೊಂದುವಂತೆ ತೆಳ್ಳಗೆ ಮಾಡಿದ್ದೆ.

ಅವನು ಬೆರಳಾಡಿಸಿ ನೋಡಿ, ಮಾಲು ನೋಡುವ ಕನ್ನಡಕ ತೆಗೆದ. ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ. ಇದಕ್ಕೂ ದಾರಿ ಇದೆ ಎಂದ. ಅಂಥದೇ ಅಕ್ಷರ ಅಂಟಿಸುವುದು ಸಿಗುತ್ತದಂತೆ. ಬೆನ್ನಿಗೆ ಅದೇ ಬಣ್ಣದ ಮೆರುಗೆಣ್ಣೆ ದಪ್ಪಗೆ ಎಳೆದರೆ ಕೆರೆದದ್ದು ಮುಚ್ಚುತ್ತದಂತೆ. ಕೊಳ್ಳುವವನು ಗಾಜಿನ ಕಪಾಟಿನಲ್ಲಿ ಇಡುತ್ತಾನೆ, ಮುಟ್ಟುವುದೂ ಇಲ್ಲ. ಹೇಳಿದ ಬೆಲೆಯನ್ನೇ ಕೊಡುತ್ತೇನೆ. ಯಾರಾದರೂ ಕೇಳಿದರೆ ಇದು ಹುಟ್ಟಿದ ಹಾಗೇ ಇದೆ ಎಂದು ನೀವು ಒಂದು ಮಾತು ಹೇಳಬೇಕು ಎಂದ.

ಯೋಚನೆ ಮಾಡುತ್ತೇನೆ ಎಂದೆ. ಹೌದು, ಹಾಗೆಯೇ ಅಂದೆ. ಓವನ್ ಬೇಕಲ್ಲ.

ಆಂಪ್ಲಿಫಯರು ರಿಪೇರಿಗೆ ಕೊಟ್ಟು ಮೂಲೆಯಲ್ಲಿ ಕಾಯುತ್ತಾ ಕೂತ ಒಬ್ಬಳು ಹೆಂಗಸು ಇದನ್ನೆಲ್ಲ ಕೇಳಿಸಿಕೊಂಡಳೋ ಏನೋ. ನಲವತ್ತರ ಆಸುಪಾಸು, ಕುಳ್ಳಿ, ಬೆರಳ ತುದಿಯಲ್ಲಿ ತಂತಿ ಕೊರೆದ ಗಟ್ಟಿ ಚರ್ಮ. ಅದನ್ನು ನೋಡಿದರೆ ಸಾಕು, ನಮ್ಮ ಜಾತಿಯವಳು ಎಂದು ಗೊತ್ತಾಗುತ್ತದೆ. ಒಂದು ಸಲ ಹಿಡಿದು ನೋಡಲೇ ಎಂದಳು. ಅಂಗಡಿಯವನು ಬೇಡ ಎನ್ನುವ ಮೊದಲೇ ನಾನು ಕೊಟ್ಟೆ.

ಅವಳು ನುಡಿಸಲಿಲ್ಲ. ಎಡಗೈಯನ್ನು ಕುತ್ತಿಗೆಯುದ್ದಕ್ಕೂ ಮೇಲೆ ಕೆಳಗೆ ಜಾರಿಸಿದಳು, ಕಣ್ಣು ಮುಚ್ಚಿಕೊಂಡು. ಒಂದು ಕಡೆ ಕೈ ನಿಲ್ಲಿಸಿದಳು. ಮತ್ತೆ ಜಾರಿಸಿದಳು.

"ಮಾಸ್ಟ್ರೇ, ಇದನ್ನ ಕೆರೆದಿದ್ದು ಯಾರು?"

ನನ್ನನ್ನು ಇದುವರೆಗೆ ಯಾರೂ ಮಾಸ್ಟರು ಎಂದಿಲ್ಲ. ನಾನೇ ಎಂದೆ. ಆದರೆ ಇದು ಇರಬೇಕಾದ ಮೈ ಇದಲ್ಲ, ಅದು ಮನೆಯಲ್ಲಿದೆ, ಕೇಳುವ ಇಷ್ಟವಿದ್ದರೆ ಭಾನುವಾರ ಬಾ ಎಂದೆ. ವಿಳಾಸ ಹೇಳಿದೆ. ಕನ್ನಡಕದವನು ಎರಡೂ ಕನ್ನಡಕ ಮೇಜಿನ ಮೇಲಿಟ್ಟು ಛಾವಣಿ ನೋಡುತ್ತಿದ್ದ.

ಮಾರ್ಚ್ 14, ಶುಕ್ರವಾರ

ಹಿಟ್ಟು ನಾದುವಾಗ ಮನೆಯವಳಿಗೆ ಅಂಟಿಸುವ ಅಕ್ಷರದ ವಿಷಯ ಹೇಳಿದೆ. ಒಂದು ಮಾತು ಹೇಳಿದರೆ ಓವನ್ನೂ ಬರುತ್ತದೆ, ಯಂತ್ರವೂ ಬರುತ್ತದೆ, ನೀನೇನು ಹೇಳುತ್ತೀ ಎಂದು ಕೇಳಿದೆ. ಅವಳು ಉಂಡೆ ಕಟ್ಟುತ್ತಲೇ ಇದ್ದಳು. ಒಂದು ತಟ್ಟೆ ತುಂಬಿದ ಮೇಲೆ ಮಾತಾಡಿದಳು.

"ನಂಗೆ ಓವನ್ ಬೇಕು. ಬೇಡ ಅಂತ ಸುಳ್ಳು ಹೇಳಲ್ಲ. ಆದ್ರೆ ನೀವು ಯಾವನೋ ಹೆಸರನ್ನ ನಿಮ್ಮ ಕೈಯಾರೆ ಅಂಟಿಸಿ ಬಂದು ಕೂತ್ರೆ, ಆಮೇಲೆ ಆ ಮುಖ ದಿನಾ ನೋಡ್ಬೇಕಾದವಳು ನಾನು."

ನನ್ನ ಮುಖಕ್ಕೇನಾಗಿದೆ ಎಂದು ರೇಗಿದೆ.

"ಈಗ ಏನೂ ಆಗಿಲ್ಲ. ಮೂಗಿನ ಮೇಲೆ ಹಿಟ್ಟು ಇದೆ ಅಷ್ಟೇ."

ಕೆರೆದದ್ದು ನಾಚಿಕೆಯ ಕೆಲಸವಾಗಿದ್ದರೆ ಮುಚ್ಚಬಹುದಿತ್ತು. ನಾಚಿಕೆ ಯಾಕೆ? ಆ ಬೆನ್ನಿನಂಥ ಬೆನ್ನು ಕಂಪನಿಯವರಪ್ಪನೂ ಮಾಡಲಾರ. ನನ್ನ ಒಳ್ಳೆಯ ಕೆಲಸದ ಮೇಲೆ ನಾನೇ ಬಣ್ಣ ಬಳಿದು, ಅದು ಇಲ್ಲವೇ ಇಲ್ಲ ಎಂದು ಹೇಳಬೇಕೇ?

ಮಧ್ಯಾಹ್ನ ಅಂಗಡಿಯವನಿಗೆ ಫೋನು ಮಾಡಿ ಆಗುವುದಿಲ್ಲ ಎಂದೆ. ಯಜಮಾನ್ರೇ, ಕೈಗೆ ಬಂದದ್ದನ್ನು ಒದೆಯುತ್ತೀರಿ ಎಂದ. ನನ್ನ ಕಾಲು, ನನ್ನ ಇಷ್ಟ ಎಂದು ಇಟ್ಟೆ.

ಇಟ್ಟ ಮೇಲೆ ಕ್ಯಾಲೆಂಡರು ನೋಡಿದೆ. ತಿಂಗಳು ಅರ್ಧ ಮುಗಿದಿದೆ. ಓವನ್ ಇಲ್ಲ.

ಮಾರ್ಚ್ 15, ಶನಿವಾರ

ಎಲ್ಲವನ್ನೂ ಮತ್ತೆ ಬಿಚ್ಚಿದೆ. ದೊರೆಯ ಕುತ್ತಿಗೆ ಕೆಂಪಿಗೆ. ಪಿಕಪ್ಪು ಕೆಂಪಿಗೆ. ಕೀಲಿ ಕೆಂಪಿಗೆ. ಹೊಸ ತಂತಿ ಕಟ್ಟಿದೆ. ಮಗಳು ಕೆಲಸ ಮುಗಿಸಿ ಬಂದು ನೋಡಿ, ಅಪ್ಪ, ಮೊನ್ನೆ ಇದನ್ನೇ ಅಲ್ಲವಾ ಬಿಚ್ಚಿದ್ದು ಎಂದಳು. ಹೌದು ಎಂದೆ. ಅವಳು ಬೇರೇನೂ ಕೇಳದೆ ಟಾರ್ಚು ಹಿಡಿದು ನಿಂತಳು. ಒಳ್ಳೆಯ ಹುಡುಗಿ. ಬೆಳಕನ್ನು ಮಾತ್ರ ಕಣ್ಣಿಗೇ ಹಿಡಿಯುತ್ತಾಳೆ.

ಮಾರ್ಚ್ 16, ಭಾನುವಾರ

ಅಂಗಡಿಯಲ್ಲಿ ಸಿಕ್ಕ ಹೆಂಗಸು ಬಂದಳು. ಗಿಟಾರಿಗಿಂತ ಮೊದಲು ಬ್ರೆಡ್ಡಿನ ವಾಸನೆ ಹಿಡಿದು ನಿಂತಳು. ಮನೆಯವಳು ಕೂರಿಸಿ ತಿನ್ನಲು ಕೊಟ್ಟಳು. ಇಬ್ಬರೂ ಮಣಿಕಟ್ಟಿನ ನೋವಿನ ಬಗ್ಗೆ ಮಾತಿಗೆ ಕೂತರು. ನಾನು ಮನೆಯಲ್ಲಿದ್ದೇನೆ ಎಂಬುದೇ ಮರೆತಂತಿತ್ತು. ಅವಳದು ಸಣ್ಣ ಕೈ, ಎಲ್ಲ ಗಿಟಾರಿನ ಕುತ್ತಿಗೆಯೂ ಅವಳಿಗೆ ದಪ್ಪ, ಒಂದು ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಕೈ ಜೋತುಬೀಳುತ್ತದಂತೆ. ನಾನು ಗಂಟಲು ಸರಿಮಾಡಿಕೊಂಡ ಮೇಲೆ ಎದ್ದಳು.

ಕೆಂಪಿಯನ್ನು ಕೊಟ್ಟೆ. ಹಿಟ್ಟಿನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು ನುಡಿಸಿದಳು. ಮೊದಲು ಮೆಲ್ಲಗೆ, ಪರಿಚಯ ಮಾಡಿಕೊಳ್ಳುವ ಹಾಗೆ. ಆಮೇಲೆ ನಾನು ಯಾವತ್ತೂ ಹೋಗದ ದಾರಿಯಲ್ಲಿ ಹೋದಳು. ಕುತ್ತಿಗೆಯ ಮೇಲ್ತುದಿಯಲ್ಲಿ, ನನ್ನ ಬೆರಳು ತಡವರಿಸುವ ಜಾಗದಲ್ಲಿ, ಅವಳ ಬೆರಳು ಓಡಾಡಿತು. ಕೆಂಪಿ ಎಲ್ಲೂ ತಡೆಯಲಿಲ್ಲ. ನನ್ನ ಜೊತೆ ಅಷ್ಟು ವರ್ಷ ಇದ್ದವಳು ಇಷ್ಟೆಲ್ಲ ಮಾತು ಒಳಗಿಟ್ಟುಕೊಂಡಿದ್ದಳು.

ನಿಲ್ಲಿಸಿದ ಮೇಲೆ ಇದನ್ನು ಕೊಡುತ್ತೀರಾ ಎಂದಳು. ಮಾರುವುದು ದೊರೆಯನ್ನು ಎಂದೆ. ದೊರೆ ನನಗೆ ಬೇಡ ಎಂದಳು. ಇವಳನ್ನು ಮಾರುವುದಿಲ್ಲ ಎಂದೆ. ಅವಳು ಒತ್ತಾಯ ಮಾಡಲಿಲ್ಲ. ಕೆಂಪಿಯನ್ನು ಒರೆಸಿ, ಎರಡೂ ಕೈಯಲ್ಲಿ ಎತ್ತಿ ನನ್ನ ತೊಡೆಯ ಮೇಲಿಟ್ಟಳು. ನುಡಿಸಿ ಮಾಸ್ಟ್ರೇ, ನಿಮ್ಮ ಕೈಯಲ್ಲೂ ಕೇಳುತ್ತೇನೆ ಎಂದಳು.

ನುಡಿಸಿದೆ. ಹೋಟೆಲಿನಲ್ಲಿ ನುಡಿಸುತ್ತಿದ್ದದ್ದನ್ನೇ. ತಪ್ಪಿಲ್ಲದೆ ನುಡಿಸಿದೆ. ಆದರೆ ಅವಳು ನುಡಿಸಿದ್ದು ಇನ್ನೂ ಕಿವಿಯಲ್ಲಿತ್ತು. ಒಳ್ಳೆಯ ಸಾಮಾನು ಎಲ್ಲಿ ಚೆನ್ನಾಗಿ ದುಡಿಯುತ್ತದೋ ಅಲ್ಲಿರಬೇಕು ಎಂದು ಎಷ್ಟೋ ಗಿಟಾರು ಬಿಚ್ಚಿ ಜೋಡಿಸಿದವನು ನಾನು. ನನಗೊಂದು ನ್ಯಾಯ, ತಿರುಪಿಗೊಂದು ನ್ಯಾಯವೇ?

ಬೆಲೆ ಹೇಳು ಎಂದೆ. ಹೇಳಿದಳು. ಓವನ್ನಿಗೆ ಆಗುತ್ತದೆ, ಹಿಟ್ಟಿನ ಯಂತ್ರಕ್ಕೆ ಆಗುವುದಿಲ್ಲ. ಕನ್ನಡಕದವನು ಬಂಗಾರದ ಅಕ್ಷರಕ್ಕೆ ಕೊಡುತ್ತಿದ್ದ ಬೆಲೆಗಿಂತ ಕಡಿಮೆ. ಆದರೆ ಕಂಪನಿ ಇಲ್ಲದ, ಹೆಸರಿಲ್ಲದ ಗಿಟಾರಿಗೆ ಈ ಊರಿನಲ್ಲಿ ಯಾರೂ ಅಷ್ಟು ಕೊಟ್ಟಿದ್ದಿಲ್ಲ. ಮನೆಯವಳ ಕಡೆ ನೋಡಿದೆ. ಅವಳು ಬೇಕೆಂದೇ ಓಲೆ ಸರಿಮಾಡಿಕೊಳ್ಳುತ್ತಿದ್ದಳು.

ಕೆಂಪಿಯನ್ನು ಪೆಟ್ಟಿಗೆಯಲ್ಲಿಟ್ಟು ಆ ಹೆಂಗಸಿನ ಕೈಗೆ ಕೊಟ್ಟೆ. ಹೊರಡುವಾಗ ಬಾಗಿಲಲ್ಲಿ ಕೇಳಿದಳು.

"ಇದು ಯಾವ ಕಂಪನೀದು ಅಂತ ಜನ ಕೇಳ್ತಾರೆ. ಏನು ಹೇಳ್ಲಿ ಮಾಸ್ಟ್ರೇ?"

"ಕಂಪನಿ ಇಲ್ಲ ಅನ್ನು. ನನ್ನ ಹೆಸರು ಹೇಳು. ಮೈ ಕಡೆದ ಬಡಗಿ ಹೆಸರೂ ಹೇಳು."

ಅವಳು ಎರಡು ಹೆಸರನ್ನೂ ಬಾಯಿಪಾಠ ಮಾಡಿಕೊಂಡೇ ಹೋದಳು. ಬೀದಿಯ ತಿರುವಿನವರೆಗೂ ನೋಡುತ್ತಾ ನಿಂತಿದ್ದೆ. ಬೆನ್ನು ನೆಟ್ಟಗೆ ಮಾಡಿಕೊಂಡೇ ನಿಂತಿದ್ದೆ.

ಮಾರ್ಚ್ 17, ಸೋಮವಾರ

ನಾದಿದೆ. ಬಹಳ ಹೊತ್ತು ನಾದಿದೆ. ಸಾಕು ಎಂದು ಮನೆಯವಳು ಕೈ ಹಿಡಿದು ನಿಲ್ಲಿಸಬೇಕಾಯಿತು.

ಮಾರ್ಚ್ 21, ಶುಕ್ರವಾರ

ಓವನ್ ಬಂತು. ಇಳಿಸಿದವರು ಬಾಗಿಲ ಚೌಕಟ್ಟಿಗೆ ತಾಗಿಸಿದರು, ಬೈದೆ. ಗೋಡೆಗೆ ಅಂಟಿಸಿ ಇಡಲು ಹೊರಟರು, ಹಿಂದೆ ಗಾಳಿ ಆಡಬೇಕು ಎಂದು ಮತ್ತೆ ಬೈದೆ. ಇವರೇನು ಬೇಕರಿಯವರಾ ಎಂದು ಅವರಲ್ಲೊಬ್ಬ ಮಗಳನ್ನು ಕೇಳಿದ. ಈ ತಿಂಗಳಿಂದ ಎಂದಳು.

ಮೊದಲ ಸರದಿ ಹೊರಬಂದಾಗ ಮನೆಯವಳು ಒಂದು ಬ್ರೆಡ್ಡನ್ನು ತಲೆಕೆಳಗು ಮಾಡಿ ತಳಕ್ಕೆ ತಟ್ಟಿದಳು. ಟೊಳ್ಳು ಸದ್ದು ಬಂದರೆ ಒಳಗೂ ಬೆಂದಿದೆ ಎಂದರ್ಥವಂತೆ. ಬಂತು. ನಾನೂ ಒಂದಕ್ಕೆ ತಟ್ಟಿದೆ. ಸಾಲಿನಲ್ಲಿದ್ದ ಎಲ್ಲದಕ್ಕೂ ತಟ್ಟಿದೆ. ಮೂಲೆಯ ಎರಡರ ಸದ್ದು ಮಂಕಾಗಿತ್ತು, ಮತ್ತೆ ಒಳಗೆ ತಳ್ಳಿಸಿದೆ. ಅವಳಿಗೆ ಅದು ಕೇಳಿಸಿರಲಿಲ್ಲ. ಕಿವಿ ಅಂದರೆ ಕಿವಿ.

ಮೇಲ್ವಿಚಾರಕಿ ಬಂದು ಓವನ್ ನೋಡಿ ಹೋದಳು. ಮುಂದಿನ ವರ್ಷಕ್ಕೂ ನೀವೇ ಕೊಡಿ ಎಂದಳು. ನಮ್ಮ ಬನ್ನಿನಂಥದ್ದು ಅವಳಿಗೆ ಎಲ್ಲಿ ಸಿಗುತ್ತದೆ?

ಹಿಟ್ಟಿನ ಯಂತ್ರ ಸದ್ಯಕ್ಕೆ ಇಲ್ಲ. ಅದರ ಅವಸರವೂ ಇಲ್ಲ. ಯಂತ್ರದ ಹಿಟ್ಟಿಗೆ ಹದ ಎಲ್ಲಿಂದ ಬರಬೇಕು?

ಮಾರ್ಚ್ 29, ಶನಿವಾರ

ಆ ಹೆಂಗಸಿನ ಕಾರ್ಯಕ್ರಮಕ್ಕೆ ಕರೆ ಬಂದಿತ್ತು. ಸಂಜೆಯ ಹೊತ್ತು, ದೊಡ್ಡ ಸಭಾಂಗಣ. ಹೋಗಬಾರದು ಅಂದುಕೊಂಡಿದ್ದೆ. ಮನೆಯವಳು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು, ಇನ್ನು ಮಾತಿಲ್ಲ.

ನಮ್ಮ ಸೀಟು ಮಧ್ಯದ ಸಾಲಿನಲ್ಲಿ. ದೀಪ ಆರಿತು. ಅವಳು ಬಂದಳು, ಕೆಂಪಿಯೂ ಬಂದಳು. ಅಷ್ಟು ದೂರದಿಂದ ಕೆಂಪಿ ಎಷ್ಟು ಸಣ್ಣಗೆ ಕಾಣುತ್ತಾಳೆ. ನುಡಿಸಲು ಶುರುಮಾಡಿದಳು.

ನನಗೆ ಗುರುತೇ ಸಿಗಲಿಲ್ಲ. ಇದು ಬೇರೆ ಗಿಟಾರು, ನನ್ನದನ್ನು ಮಾರಿಬಿಟ್ಟಿದ್ದಾಳೆ ಎಂದು ಎದ್ದೇಬಿಡುತ್ತಿದ್ದೆ. ಆಮೇಲೆ ಹೊಳೆಯಿತು. ಇಷ್ಟು ವರ್ಷ ನಾನು ಕೆಂಪಿಯ ಹಿಂದೆ ನಿಂತವನು. ಮೊನ್ನೆ ಮನೆಯಲ್ಲಿ ಕೇಳಿದ್ದೂ ಪಕ್ಕದಿಂದಲೇ, ಹೀಗೆ ಮುಂದೆ ಜನರ ನಡುವೆ ಕೂತು ಅವಳನ್ನು ಒಂದು ದಿನವೂ ಕೇಳಿರಲಿಲ್ಲ. ಹಿಂದಿನಿಂದ ಕೇಳುವಾಗ ಚುರುಕು, ಸ್ವಲ್ಪ ಒರಟು. ಮುಂದಿನಿಂದ ಆ ಒರಟುತನವೇ ದುಂಡಗಾಗಿ, ತುಂಬಿಕೊಂಡು, ಎದೆಗೆ ಬಂದು ಕೂರುತ್ತದೆ. ಆ ದನಿಯನ್ನು ನಾನೇ ಜೋಡಿಸಿದ್ದು, ನನಗೇ ಗೊತ್ತಿರಲಿಲ್ಲ.

ಪಕ್ಕಕ್ಕೆ ಬಾಗಿ, ಇದು ಇಷ್ಟು ಚೆನ್ನಾಗಿತ್ತಾ ಎಂದು ಮನೆಯವಳನ್ನು ಕೇಳಿದೆ.

"ನಾನು ಯಾವಾಗ್ಲೂ ಈ ಕಡೆ ಕೂತೇ ಕೇಳಿದ್ದು."

"ಒಂದು ಸಲ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿಮ್ಮನ್ನ ಹಿಡಿಯೋರು ಯಾರು?"

ಎರಡು ಹಾಡಿನ ಮಧ್ಯೆ ಅವಳು ಮೈಕು ಹತ್ತಿರ ಬಂದು ಈ ಗಿಟಾರು ಯಾರ ಕೈಯಲ್ಲಿ ಆದದ್ದು ಎಂದು ಹೇಳಿದಳು. ಎರಡು ಹೆಸರೂ ಹೇಳಿದಳು, ತಪ್ಪಿಲ್ಲದೆ. ಬಡಗಿಯದು ಮೊದಲು ಹೇಳಿದಳು, ಅದು ಸರಿಯೇ. ಜನ ಚಪ್ಪಾಳೆ ತಟ್ಟಿದರು. ಮನೆಯವಳು ನನ್ನ ಕೈ ಹಿಡಿದುಕೊಂಡಿದ್ದಳು, ಹಾಗಾಗಿ ನನಗೆ ತಟ್ಟಲಾಗಲಿಲ್ಲ. ನನ್ನ ಆಚೆ ಕಡೆ ಒಬ್ಬ ಸೂಟಿನ ಮನುಷ್ಯ ಕೂತಿದ್ದ.

"ಅದು ನಾನೇ," ಎಂದೆ ಅವನಿಗೆ.

ಅವನು ನನ್ನ ಕೈ ಕುಲುಕಿ, ನೀವು ಈಗಲೂ ಗಿಟಾರು ಮಾಡುತ್ತೀರಾ, ಮುಗಿದ ಮೇಲೆ ಸ್ವಲ್ಪ ನಿಲ್ಲಿ, ಮಾತಾಡಬೇಕು ಎಂದ. ನಿಲ್ಲಬಹುದಿತ್ತು. ಮನೆಯವಳು ಗಡಿಯಾರ ನೋಡಿದಳು, ನಾನೂ ನೋಡಿದೆ. ನಾಳೆ ಭಾನುವಾರ, ಹಾಸ್ಟೆಲ್ಲಿಗೆ ದುಪ್ಪಟ್ಟು ಬ್ರೆಡ್ಡು ಬೇಕು.

ಕೊನೆಯ ಹಾಡು ಮುಗಿದಾಗ, ಕಾರ್ಡಿದ್ದರೆ ಕೊಡಿ ಎಂದು ಅವನಿಗೆ ಹೇಳಿದೆ. ಈಗ ನಿಲ್ಲಲು ಆಗುವುದಿಲ್ಲ, ಮನೆಯಲ್ಲಿ ಹಿಟ್ಟು ಉಬ್ಬಿರುತ್ತದೆ ಎಂದು ಹೇಳಿ ಎದ್ದೆ.